ತೆ ಪುಕೆಯಲ್ಲಿ ಕಿವಿ ಹಣ್ಣಿನ ಕೊಯ್ಲು

ಮಾಸ್ಟರ್ಸ್ ಮಾಡಿ ಕೂಲಿಗೆ ಹೋದೆಯಾ ಅಂತ ಮೂಡಿಗೆರೆ ಕಡೆಯ ನಮ್ಮ ನೆಂಟರಲ್ಲಿ ಕೇಳದವರಿಲ್ಲ. ಕೆಲವರು ನೇರವಾಗಿ ಕೇಳಿದರು, ಕೆಲವರು ಅಮ್ಮನ ಹತ್ತಿರ ಕೇಳಿದರು. ಹೌದು, ಹೋದೆ. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಓದು ಮುಗಿದಿತ್ತು. ಮೂರು ವರ್ಷದ ವರ್ಕ್ ವೀಸಾ ಕೈಯಲ್ಲಿತ್ತು. ಕೆಲಸ ಇರಲಿಲ್ಲ. 2025ರ ಶುರುವಿನಲ್ಲಿ ನ್ಯೂಜಿಲೆಂಡಿನ ನಿರುದ್ಯೋಗ ಶೇಕಡ 5 ದಾಟಿತ್ತು. ಹತ್ತು ವರ್ಷ ಅನುಭವ ಇದ್ದವರೇ ಮನೆಯಲ್ಲಿ ಕೂತಿದ್ದಾಗ ನನ್ನ ಸಿ.ವಿ. ಯಾರು ನೋಡ್ತಾರೆ? ಬಾಡಿಗೆ ಮಾತ್ರ ಪ್ರತಿ ವಾರ ಕಟ್ಟಲೇಬೇಕು. ಅಲ್ಲಿ ಬಾಡಿಗೆ ಲೆಕ್ಕ ತಿಂಗಳಿಗಲ್ಲ, ವಾರಕ್ಕೆ.

ಜೊತೆಗೆ ಓದಿದ ಜಲಂಧರ್ ಹುಡುಗಿಯೊಬ್ಬಳು ಹೇಳಿದಳು, "ಮಾರ್ಚ್‌ನಿಂದ ಕಿವಿ ಕೊಯ್ಲು ಶುರುವಾಗುತ್ತೆ, ತೆ ಪುಕೆಗೆ ಬಾ, ನಮ್ಮ ಕಡೆಯವರೇ ಕಂಟ್ರಾಕ್ಟರ್." ಕೈಮಾಯ್ ಬೆಟ್ಟ ಹತ್ತಿ ಇಳಿದರೆ ಬೇ ಆಫ್ ಪ್ಲೆಂಟಿ ಪ್ರಾಂತ್ಯ, ತೆ ಪುಕೆ ಅಲ್ಲಿನ ಒಂದು ಊರು. ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಊರ ಹೊರಗೆ ಕತ್ತರಿಸಿದ ಕಿವಿ ಹಣ್ಣಿನ ದೊಡ್ಡದೊಂದು ಪ್ರತಿಮೆ ನಿಲ್ಲಿಸಿದ್ದಾರೆ. ಪ್ರಪಂಚದ ಕಿವಿ ರಾಜಧಾನಿ ಅಂತ ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ಹಾಗಂತ ಹಣ್ಣು ಅವರ ನೆಲದ್ದಲ್ಲ. 1904ರಲ್ಲಿ ಇಸಾಬೆಲ್ ಫ್ರೇಸರ್ ಎಂಬ ಶಾಲೆಯ ಮುಖ್ಯೋಪಾಧ್ಯಾಯಿನಿ ಚೀನಾಕ್ಕೆ ಹೋಗಿ ಬರುವಾಗ ಬೀಜ ತಂದರಂತೆ. ಬಹಳ ಕಾಲ ಅದು ಚೈನೀಸ್ ಗೂಸ್‌ಬೆರಿ. 1959ರಲ್ಲಿ ಅಮೆರಿಕಕ್ಕೆ ಮಾರುವ ಹೊತ್ತಿಗೆ ಕಿವಿಫ್ರೂಟ್ ಆಯಿತು.

ಕಿವಿ ಮರದಲ್ಲಿ ಬಿಡುತ್ತೆ ಅಂದುಕೊಂಡವರೇ ಜಾಸ್ತಿ. ಬಳ್ಳಿ ಅದು. ದ್ರಾಕ್ಷಿ ಚಪ್ಪರದ ಹಾಗೆ ಕಂಬ, ತಂತಿ ಕಟ್ಟಿ ತಲೆ ಮೇಲೆ ಹಬ್ಬಿಸಿರುತ್ತಾರೆ. ಕೆಳಗೆ ಹುಲ್ಲು, ಮೇಲೆ ಎಲೆ, ನಡುವೆ ಆರು ಅಡಿಯ ಜಾಗ. ಸುತ್ತ ಗಾಳಿ ತಡೆಯಲು ಎತ್ತರದ ಮರಗಳ ಬೇಲಿ, ಇಲ್ಲವೇ ಬಟ್ಟೆಯ ಪರದೆ. ಒಳಗೆ ಹೋದರೆ ಹಗಲೂ ಅರೆಬೆಳಕು. ನನ್ನ ಎತ್ತರ ಐದು ಅಡಿ ಮೂರು ಇಂಚು. ದಿನವಿಡೀ ಕೈ ಮೇಲೆತ್ತಿಯೇ ಕೊಯ್ಯಬೇಕು. ಗುಂಪಿನಲ್ಲಿದ್ದ ಅರ್ಜೆಂಟೀನಾದ ಉದ್ದನೆಯ ಹುಡುಗ ಮಂಡಿ ಬಗ್ಗಿಸಿಕೊಂಡೇ ನಡೆಯುತ್ತಿದ್ದ. ಆ ಚಪ್ಪರದಡಿ ಸುಖವಾಗಿದ್ದವರು ಯಾರೂ ಇಲ್ಲ.

ಕೊಯ್ಯುವ ರೀತಿ ಹೀಗೆ. ಎದೆಯ ಮುಂದೆ ಗಟ್ಟಿ ಬಟ್ಟೆಯ ಚೀಲ, ಬೆನ್ನ ಮೇಲೆ ಅಡ್ಡಡ್ಡ ಪಟ್ಟಿ. ಕೈಗೆ ಬಟ್ಟೆಯ ಗ್ಲೌಸ್. ಒಳಗೆ ಉಗುರು ಕತ್ತರಿಸಿರಲೇಬೇಕು. ಎರಡೂ ಕೈಯಿಂದ ಒಂದೊಂದು ಕಾಯಿ ಹಿಡಿದು, ಹೆಬ್ಬೆರಳಿನಿಂದ ತೊಟ್ಟಿನ ಬುಡಕ್ಕೆ ಒತ್ತಿದರೆ ಟಿಕ್ ಅಂತ ಬಿಟ್ಟುಕೊಳ್ಳುತ್ತದೆ. ತೊಟ್ಟು ಬಳ್ಳಿಯಲ್ಲೇ ಉಳಿಯಬೇಕು. ಕಾಯಿ ಜೊತೆ ಬಂದರೆ ಪಕ್ಕದ ಕಾಯಿಗೆ ಚುಚ್ಚುತ್ತದೆ. ಕಾಯಿಯನ್ನು ಚೀಲಕ್ಕೆ ಎಸೆಯುವ ಹಾಗಿಲ್ಲ, ಇಡಬೇಕು. ಚೀಲ ತುಂಬಿದರೆ 20 ಕಿಲೋ ಮೇಲೆ. ಸಾಲಿನ ನಡುವೆ ಟ್ರ್ಯಾಕ್ಟರ್ ಮೇಲೆ ಮರದ ಬಿನ್‌ಗಳಿರುತ್ತವೆ, ಒಂದೊಂದಕ್ಕೂ ಸುಮಾರು 300 ಕಿಲೋ ಹಿಡಿಯುತ್ತದೆ. ಅದರ ಮೇಲೆ ಬಗ್ಗಿ, ಚೀಲದ ತಳ ಬಿನ್ನಿನೊಳಗೆ ತಾಗುವವರೆಗೆ ಇಳಿಸಿ, ಕೊಕ್ಕೆ ಬಿಚ್ಚಿ, ನಿಧಾನಕ್ಕೆ ಮೇಲೆತ್ತಬೇಕು. ಕಾಯಿಗಳು ತಾವಾಗಿ ಜಾರಿ ಬೀಳುತ್ತವೆ. ಮೇಲಿಂದ ಸುರಿದರೆ ಸೂಪರ್‌ವೈಸರ್ ಕೂಗು ಆ ತುದಿಯಿಂದ ಬರುತ್ತದೆ. ಪೆಟ್ಟು ಬಿದ್ದದ್ದು ಆಗ ಕಾಣುವುದಿಲ್ಲ. ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜ್‌ನಲ್ಲಿದ್ದ ಮೇಲೆ ಕಾಣುತ್ತದೆ.

ಮೊದಲು ಹಳದಿ ತಿರುಳಿನ ಗೋಲ್ಡ್ ಕಿವಿ, ಆಮೇಲೆ ಹಸಿರು ತಿರುಳಿನ ಗ್ರೀನ್. ಗೋಲ್ಡ್‌ನ ಸಿಪ್ಪೆ ನುಣುಪು. ಗ್ರೀನ್ ಅಂದರೆ ಹೇವರ್ಡ್ ಜಾತಿ, ಮೈತುಂಬಾ ಸುಂಕು. ಆ ಸುಂಕು ಕತ್ತಿನೊಳಗೆ, ರೆಪ್ಪೆಗೆ, ಮೊಣಕೈ ಮಡಿಕೆಗೆ ಇಳಿದು ಕಚ್ಚುತ್ತದೆ. ಮೇಲೆ ನೋಡಿಕೊಂಡೇ ಕೆಲಸ ಮಾಡುವುದರಿಂದ ಒಣಗಿದ ಎಲೆಯ ಪುಡಿಯೆಲ್ಲಾ ಕಣ್ಣಿಗೇ. ಬೆನ್ನು ನೋವು ಬರುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಕಣ್ಣಿನ ವಿಷಯ ಯಾರೂ ಹೇಳಿರಲಿಲ್ಲ. ಅಂಗಡಿಯಲ್ಲಿ ಅಗ್ಗದ ಸೇಫ್ಟಿ ಕನ್ನಡಕ ಸಿಗುತ್ತದೆ, ಹೋಗುವವರು ಮೊದಲ ದಿನವೇ ತೊಗೊಳ್ಳಿ.

ಅಪ್ಪನಿಗೆ ಇದೆಲ್ಲಾ ಬಹಳ ಕುತೂಹಲ. ನಮ್ಮದು ಕಾಫಿ ತೋಟ, ದೊಡ್ಡದೇನಲ್ಲ. ವಿಡಿಯೋ ಕಾಲ್‌ನಲ್ಲಿ ಬಳ್ಳಿ ತೋರಿಸು, ಕಂಬ ತೋರಿಸು, ಮಣ್ಣು ತೋರಿಸು ಅಂತಿದ್ದರು. ಜ್ವಾಲಾಮುಖಿ ಬೂದಿಯ ಮಣ್ಣು ಅದು, ಹಗುರ, ನೀರು ನಿಲ್ಲುವುದಿಲ್ಲ.

"ಗೋಲ್ಡ್ ಬೆಳೀಬೇಕಂದ್ರೆ ಲೈಸೆನ್ಸ್ ಬೇಕಪ್ಪಾ. ಹೆಕ್ಟೇರಿಗೆ ಲಕ್ಷಗಟ್ಟಲೆ ಡಾಲರ್ ಕೊಟ್ಟವರಿದ್ದಾರೆ."

"ಗಿಡ ನೆಡೋಕೆ ಲೈಸೆನ್ಸಾ! ಯಾರಿಗೆ ಕೊಡೋದು?"

"ಜೆಸ್ಪ್ರಿಗೆ. ಕಂಪನಿ ಬೆಳೆಗಾರರದ್ದೇ. ಆಸ್ಟ್ರೇಲಿಯಾ ಒಂದು ಬಿಟ್ಟು ಬೇರೆ ಎಲ್ಲಿಗೆ ಕಳಿಸಬೇಕಾದ್ರೂ ಅವರ ಮೂಲಕವೇ."

ಅಪ್ಪ ಒಂದು ಕ್ಷಣ ಸುಮ್ಮನಾದರು. "ನಮ್ಮ ಕಾಫಿ ಬೋರ್ಡಿನ ಪೂಲ್ ಥರ ಅನ್ನು" ಅಂದರು. ತೊಂಬತ್ತರ ದಶಕದವರೆಗೆ ನಮ್ಮಲ್ಲಿ ಕಾಫಿಯನ್ನು ಬೋರ್ಡಿಗೇ ಕೊಡಬೇಕಿತ್ತು. 1996ರ ಹೊತ್ತಿಗೆ ಅದು ಪೂರ್ತಿ ಹೋಯಿತು. ಪೂಲ್ ಇದ್ದಾಗ ಅದನ್ನು ಬೈದವರೇ ಈಗ ನೆನೆಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತದೆ, ಆ ವರ್ಷದ ರೇಟು ನೋಡಿಕೊಂಡು.

2010ರ ನವೆಂಬರಿನಲ್ಲಿ ಇದೇ ತೆ ಪುಕೆಯಲ್ಲಿ ಪಿ.ಎಸ್.ಎ. ಎಂಬ ಬ್ಯಾಕ್ಟೀರಿಯಾ ರೋಗ ಕಾಣಿಸಿಕೊಂಡು ಆಗಿನ ಗೋಲ್ಡ್ ಬಳ್ಳಿಗಳಲ್ಲಿ ಹೆಚ್ಚಿನವು ಹಾಳಾದವು. ಈಗಿರುವ ಗೋಲ್ಡ್ ಆಮೇಲೆ ನೆಟ್ಟ ಬೇರೆ ತಳಿ. ಅದಕ್ಕೇ ಇಂದಿಗೂ ತೋಟದ ಬಾಗಿಲಲ್ಲಿ ಬೂಟಿಗೆ, ಗಾಡಿಗೆ ಔಷಧಿ ಹೊಡೆಸಿಕೊಂಡೇ ಒಳಗೆ ಹೋಗಬೇಕು. ನಮ್ಮ ಕಡೆ ಅಡಿಕೆ ಎಲೆಚುಕ್ಕಿ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಹರಡುವಾಗ ಬೂಟು ತೊಳೆದವರನ್ನು ನಾನು ನೋಡಿಲ್ಲ.

ಇರಲಿ. ನಾನು ಹೇಳಬೇಕೆಂದಿರುವುದು ದುಡ್ಡಿನ ವಿಷಯ.

ಗಂಟೆ ಲೆಕ್ಕದ ಕೆಲಸ ಒಂದು, ಬಿನ್ ಲೆಕ್ಕದ್ದು ಇನ್ನೊಂದು. ನಮ್ಮದು ಬಿನ್ ಲೆಕ್ಕ. ಒಂದು ಬಿನ್ನಿಗೆ ಇಷ್ಟು ಅಂತ ಇಡೀ ಗುಂಪಿಗೆ ಬರುತ್ತದೆ, ಎಲ್ಲರಿಗೂ ಸಮ ಹಂಚುತ್ತಾರೆ. ಕೇಳೋಕೆ ನ್ಯಾಯವಾಗಿದೆ, ಅಲ್ವಾ? ಒಳಗಿದ್ದರೆ ಗೊತ್ತಾಗುತ್ತದೆ. ಯಾರು ನಿಧಾನ ಅಂತ ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ನೋಡುತ್ತಿರುತ್ತಾರೆ. ಶೌಚಕ್ಕೆ ಹೋದವರು ಬರುವುದು ಐದು ನಿಮಿಷ ತಡವಾದರೆ ಮುಖಗಳು ಬದಲಾಗುತ್ತವೆ. ಸೂಪರ್‌ವೈಸರ್ ಬೈಯಬೇಕಾಗಿಯೇ ಇಲ್ಲ, ಜೊತೆಯವರೇ ಬೈಯುತ್ತಾರೆ. ಕಂಟ್ರಾಕ್ಟರ್‌ಗೆ ಇದಕ್ಕಿಂತ ಅಗ್ಗದ ಮೇಸ್ತ್ರಿ ಎಲ್ಲಿ ಸಿಗುತ್ತಾನೆ?

ಇನ್ನು ಬಿನ್ ತುಂಬಿತು ಅಂತ ಹೇಳುವುದು ಯಾರು? ಸೂಪರ್‌ವೈಸರ್. "ಇನ್ನೊಂದು ಚೀಲ ಹಾಕಿ" ಅಂದರೆ ಹಾಕಬೇಕು. ಆಗ ಎಲ್ಲರ ಕಣ್ಣು ಬಿನ್ನಿನ ಅಂಚಿನ ಮೇಲೆ. ಈ ನೋಟ ನನಗೆ ಗೊತ್ತು. ಕಾಫಿ ಕುಯ್ಲಿನ ಕಾಲದಲ್ಲಿ, ಶಾಲೆಗೆ ರಜೆ ಇದ್ದಾಗ, ಸಂಜೆ ತೂಕದ ಪುಸ್ತಕ ಬರೆಯುತ್ತಿದ್ದವಳು ನಾನು. ಹಣ್ಣಿನ ಮೂಟೆ ತಕ್ಕಡಿಗೆ ನೇತು ಹಾಕಿದಾಗ ಕುಯ್ದ ಹೆಂಗಸರು ಮೂಟೆ ನೋಡುತ್ತಿರಲಿಲ್ಲ, ಮುಳ್ಳು ನೋಡುತ್ತಿದ್ದರು. ಮೂಟೆಯ ಚೀಲಕ್ಕೆ ಅಂತ ಅರ್ಧ ಕಿಲೋ ಕಳೆಯುವುದು ನಮ್ಮ ಕಡೆ ವಾಡಿಕೆ. ಖಾಲಿ ಚೀಲ ಅಷ್ಟು ತೂಗುತ್ತದೆಯೇ ಅಂತ ಯಾರೂ ತೂಗಿ ನೋಡಿದವರಲ್ಲ.

ಅಲ್ಲಿ ಕಾನೂನು ಒಂದು ಇದೆ. ಬಿನ್ ಲೆಕ್ಕ ಏನೇ ಇರಲಿ, ಕೆಲಸ ಮಾಡಿದ ಪ್ರತಿ ಗಂಟೆಗೆ ಕನಿಷ್ಠ ಕೂಲಿಗಿಂತ ಕಮ್ಮಿ ಬೀಳುವ ಹಾಗಿಲ್ಲ. ಬಿದ್ದರೆ ಕಂಟ್ರಾಕ್ಟರ್ ತುಂಬಿಕೊಡಬೇಕು. ನಾನು ಹೋದ 2025ರಲ್ಲಿ ಏಪ್ರಿಲ್ 1ಕ್ಕೆ ಕನಿಷ್ಠ ಕೂಲಿ 23.15 ಡಾಲರಿನಿಂದ 23.50ಕ್ಕೆ ಏರಿತು. ನಮ್ಮ ದುಡ್ಡಲ್ಲಿ ಗಂಟೆಗೆ ಹತ್ತಿರ ಹತ್ತಿರ 1,200 ರೂಪಾಯಿ. ಊರಿಗೆ ಹೇಳಿದರೆ ಎಲ್ಲರೂ ಬಾಯಿ ಬಿಡುತ್ತಾರೆ. ಅದರಲ್ಲಿ ತೆರಿಗೆ, ಕಂಟ್ರಾಕ್ಟರ್‌ನ ಮನೆಯಲ್ಲಿ ಒಂದು ಮಂಚಕ್ಕೆ ವಾರದ ಬಾಡಿಗೆ, ಅವನದೇ ವ್ಯಾನಿಗೆ ಪೆಟ್ರೋಲ್ ಅಂತ ಕಳೆದು ಹೇಳಿದರೆ ಬಾಯಿ ಅರ್ಧ ಮುಚ್ಚುತ್ತದೆ.

ಕಾನೂನು ಇದೆ, ಆದರೆ ಗಂಟೆ ಬರೆಯುವವರು ಯಾರು ಅನ್ನುವುದರಲ್ಲಿದೆ ಎಲ್ಲಾ. ಏಪ್ರಿಲ್‌ನಲ್ಲಿ ಒಂದು ವಾರ ನನ್ನ ಪಾಲಿಗೆ ಬಂದ ಬಿನ್ ದುಡ್ಡು 790 ಡಾಲರ್. ಪೇಸ್ಲಿಪ್‌ನಲ್ಲಿ ಗಂಟೆ 33 ಅಂತಿತ್ತು. ಭಾಗಿಸಿದರೆ ಗಂಟೆಗೆ 23.94, ಎಲ್ಲಾ ಸರಿಯಾಗಿದೆ. ಆದರೆ ನಾನು ದಿನಾ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಫೋನಿನಲ್ಲಿ ಬರೆದಿಡುತ್ತಿದ್ದೆ. ತೂಕದ ಪುಸ್ತಕದ ಚಾಳಿ. ನನ್ನ ಲೆಕ್ಕದಲ್ಲಿ 38 ಗಂಟೆ. 38ಕ್ಕೆ ಭಾಗಿಸಿದರೆ 21 ಡಾಲರೂ ಬೀಳುವುದಿಲ್ಲ. ಕೊಡಬೇಕಾದದ್ದು 893. ಅಂದರೆ 103 ಡಾಲರ್ ಕಮ್ಮಿ.

ಕಂಟ್ರಾಕ್ಟರ್ ಹತ್ತಿರ ಹೋಗಿ ಕೇಳಿದೆ. ಅವರು ಒಳ್ಳೆಯ ಮಾತಿನವರು. "ಬೇಟಿ, ಹೊಸಬರು ನಿಧಾನ. ಗುಂಪಿನವರು ನಿನ್ನ ಪಾಲನ್ನೂ ಕೊಯ್ಯುತ್ತಿದ್ದಾರೆ" ಅಂದರು. ಅದು ನಿಜವೂ ಇರಬಹುದು. ನಾನು ಫೋನ್ ಮುಂದಿಟ್ಟೆ. ಲೇಬರ್ ಇನ್ಸ್‌ಪೆಕ್ಟರ್ ಅನ್ನುವ ಮಾತು ಆಡಲಿಲ್ಲ, ಆದರೆ ಲೆಕ್ಕ ಬರೆದಿಟ್ಟವರಿಗೆ ಆ ಮಾತು ಗೊತ್ತಿರುತ್ತೆ ಅಂತ ಅವರಿಗೂ ಗೊತ್ತು. ಮುಂದಿನ ವಾರದ ಪೇಸ್ಲಿಪ್‌ನಲ್ಲಿ ಹೊಂದಾಣಿಕೆ ಅಂತ ಒಂದು ಸಾಲು, 103 ಡಾಲರ್. ನನಗೆ ಮಾತ್ರ. ಅದೇ ಸಾಲುಗಳಲ್ಲಿ ಅಷ್ಟೇ ಹೊತ್ತು ನಿಂತ ಜಲಂಧರ್ ಹುಡುಗಿಗೆ ಇಲ್ಲ. ನೀನೂ ಕೇಳು ಅಂದೆ. "ಅವರು ನಮ್ಮ ಮಾವನಿಗೆ ಗೊತ್ತಿರೋರು, ಹೇಗೆ ಕೇಳಲಿ" ಅಂದಳು. ಪರದೇಶದಲ್ಲಿ ನಮ್ಮವರು ಸಿಕ್ಕಿದರೆ ಅನುಕೂಲ ಅಂತೀವಲ್ಲ, ಯಾರಿಗೆ ಅನುಕೂಲ ಅಂತ ಆವತ್ತು ಯೋಚನೆ ಬಂತು. ಹಾಗಂತ ಸುಮ್ನೆ ದೂರುವುದೂ ತಪ್ಪು. ಭಾನುವಾರ ಗುರುದ್ವಾರದಲ್ಲಿ ಬಿಸಿ ದಾಲ್, ರೊಟ್ಟಿ ಬಡಿಸಿದವರೂ ಅದೇ ಮನೆಯವರು. ಆ ಊಟ ಇಲ್ಲದಿದ್ದರೆ ಕೆಲವು ವಾರ ನಾನು ಬರೀ ಬ್ರೆಡ್ ತಿಂದೇ ಇರುತ್ತಿದ್ದೆ.

ಕೊಯ್ಯುವುದಕ್ಕಿಂತ ಕಾಯುವುದೇ ಕಷ್ಟ. ಒದ್ದೆ ಕಾಯಿ ಕೊಯ್ಯುವ ಹಾಗಿಲ್ಲ, ಸಿಪ್ಪೆ ಕೆಡುತ್ತದೆ, ಸ್ಟೋರೇಜ್‌ನಲ್ಲಿ ಕೊಳೆಯುತ್ತದೆ. ಏಪ್ರಿಲ್, ಮೇ ಅಂದರೆ ಅಲ್ಲಿ ಶರತ್ಕಾಲ. ರಾತ್ರಿಯ ಇಬ್ಬನಿ ಬೆಳಿಗ್ಗೆ ಒಂಬತ್ತು, ಹತ್ತರವರೆಗೂ ಆರುವುದಿಲ್ಲ. ಎಂಟಕ್ಕೆ ವ್ಯಾನ್ ಹತ್ತಿಸುತ್ತಾರೆ. ತೋಟದ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಸೂಪರ್‌ವೈಸರ್ ಚಪ್ಪರದ ಕೆಳಗೆ ಹೋಗಿ ಕಾಯಿಗೆ ಟಿಶ್ಯೂ ಒತ್ತಿ, ನೋಡಿ, ತಲೆ ಅಲ್ಲಾಡಿಸಿ ವಾಪಸ್ ಬರುತ್ತಾನೆ. ನಾವು ವ್ಯಾನಿನೊಳಗೆ ಕೂತು ಗಾಜಿನ ಮೇಲಿನ ಹಬೆ ಒರೆಸುತ್ತೇವೆ. ಅರ್ಧ ಗಂಟೆ ಬಿಟ್ಟು ಮತ್ತೆ ಟಿಶ್ಯೂ. ಈ ಹೊತ್ತು ಕಂಟ್ರಾಕ್ಟರ್ ಲೆಕ್ಕದಲ್ಲಿ ಇಲ್ಲ. ನನ್ನ ಐದು ಗಂಟೆ ಕಳೆದುಹೋದದ್ದು ಇಲ್ಲೇ. ಕೊನೆಗೆ ಎರಡು ಹನಿ ಬಿದ್ದು ಎಲ್ಲರನ್ನೂ ಮನೆಗೆ ಕಳಿಸಿದ ದಿನಗಳೂ ಇವೆ.

ಒಣಗಿದ್ದರೂ ಸಾಲದು, ಕಾಯಿ ಪಾಸ್ ಆಗಬೇಕು. ತೋಟದಿಂದ ಸ್ಯಾಂಪಲ್ ಕಾಯಿ ತೆಗೆದುಕೊಂಡು ಹೋಗಿ ಸಕ್ಕರೆ ಅಂಶ ಅಳೆಯುತ್ತಾರೆ. ಗ್ರೀನ್‌ಗೆ 6.2 ಬ್ರಿಕ್ಸ್ ಬಂದರೆ ಕೊಯ್ಲಿಗೆ ಹಸಿರು ನಿಶಾನೆ. ಫಲಿತಾಂಶ ಬರುವವರೆಗೆ ನೂರಾರು ಜನ ಫೋನ್ ನೋಡುತ್ತಾ ಕೂತಿರುತ್ತಾರೆ.

ಈಸ್ಟರ್ ಹೊತ್ತಿಗೆ ಟ್ಯಾಮ್ ಎಂಬ ಚಂಡಮಾರುತದ ಬಾಲ ಬಡಿದು ವಾರವೇ ಹೋಯಿತು. ಸಂಬಳ ಇಲ್ಲ, ಮಂಚದ ಬಾಡಿಗೆ ಇದೆ. ಒಂದೇ ಮನೆಯಲ್ಲಿ ಹತ್ತು ಜನ, ಒಂದು ಒಲೆ. ಅಕ್ಕಿ ಹಿಟ್ಟು ತಂದು ರೊಟ್ಟಿ ತಟ್ಟಿದೆ, ಅರ್ಜೆಂಟೀನಾದವನು ಅದರ ಮೇಲೆ ಜಾಮ್ ಹಚ್ಚಿ ತಿಂದ. ನೋಡಲಾಗಲಿಲ್ಲ.

ಆ ವಾರವೇ ನನಗೆ ಪೆಸಿಫಿಕ್ ದ್ವೀಪದೇಶ ವನವಾಟುವಿನವರ ವಿಷಯ ತಿಳಿದದ್ದು. ಪಕ್ಕದ ತೋಟದಲ್ಲಿ ಅವರ ಗುಂಪಿತ್ತು. ಒಬ್ಬ ಅಕ್ಕ ಇದ್ದರು, ನಲವತ್ತರ ಹತ್ತಿರ, ಸ್ಮೋಕೊ ಹೊತ್ತಿನಲ್ಲಿ ಬೇಲಿ ಹತ್ತಿರ ಮಾತಿಗೆ ಸಿಗುತ್ತಿದ್ದರು. ಸ್ಮೋಕೊ ಅಂದರೆ ಹತ್ತು ನಿಮಿಷದ ಟೀ ಬಿಡುವು. ಅವರು ಬಂದಿರುವುದು ಆರ್.ಎಸ್.ಇ. ಅನ್ನುವ ಯೋಜನೆಯಲ್ಲಿ. ಪೆಸಿಫಿಕ್ ದ್ವೀಪಗಳಿಂದ ಹಂಗಾಮಿಗೆ ಜನ ಕರೆಸುವ ಯೋಜನೆ, 2007ರಲ್ಲಿ ಶುರುವಾಗಿದ್ದು. ಆಗ ವರ್ಷಕ್ಕೆ 5,000 ಜನ, ಈಗ 20,000ದ ಆಸುಪಾಸು. ಹೆಚ್ಚಿನವರಿಗೆ ಏಳು ತಿಂಗಳವರೆಗೆ ಇರಲು ಬಿಡುತ್ತಾರೆ, ಆಮೇಲೆ ವಾಪಸ್ ಹೋಗಲೇಬೇಕು.

"ಮಳೆಗೆ ನಿಮಗೂ ಕೆಲಸ ಇಲ್ವಲ್ಲ, ಹೇಗೆ?" ಅಂದೆ.

"ನಮಗೆ ವಾರಕ್ಕೆ ಸರಾಸರಿ 30 ಗಂಟೆ ಗ್ಯಾರಂಟಿ. ಮಳೆ ಬಂದ್ರೂ ಕೊಡಬೇಕು. ನಿಮಗಿಲ್ವಾ?"

ನಮಗಿಲ್ಲ. ನಾವು ಕ್ಯಾಶುಯಲ್, ಕೆಲಸ ಇದ್ದ ದಿನ ಮಾತ್ರ ಕೂಲಿ. ಓದಿದವಳು, ಇಂಗ್ಲಿಷ್ ಬರುವವಳು, ಓಪನ್ ವೀಸಾ ಇರುವವಳು ನಾನು. ಮಳೆಯ ವಾರದಲ್ಲಿ ನನಗಿಂತ ಅವರೇ ಭದ್ರ. ಆದರೆ ಆ ಗ್ಯಾರಂಟಿಗೆ ಬೆಲೆ ಇದೆ. ಕಂಟ್ರಾಕ್ಟರ್ ಸರಿಯಿಲ್ಲ ಅಂದರೆ ನಾನು ನಾಳೆ ಬೇರೆ ಕಡೆ ಹೋಗಬಹುದು, ಅವರು ಹಾಗೆಲ್ಲ ಹೋಗುವಂತಿಲ್ಲ. ವೀಸಾ ಕರೆಸಿದ ಮಾಲೀಕನಿಗೇ ಕಟ್ಟಿದ್ದು. ಮುಂದಿನ ವರ್ಷ ಮತ್ತೆ ಕರೆಸಬೇಕೋ ಬೇಡವೋ ಅನ್ನುವುದೂ ಅವನ ಕೈಯಲ್ಲೇ. ಹಾಗಾಗಿ ಅವರು ಜಗಳ ಆಡುವುದಿಲ್ಲ. 2024ರ ಡಿಸೆಂಬರ್ ಭೂಕಂಪದಲ್ಲಿ ವನವಾಟು ರಾಜಧಾನಿ ಪೋರ್ಟ್ ವಿಲಾದ ಈ ಅಕ್ಕನ ಮನೆ ಗೋಡೆ ಬಿರುಕು ಬಿಟ್ಟಿತ್ತು. ಈ ಸೀಸನ್ ದುಡ್ಡು ಅದಕ್ಕೆ. ಫೋನಿನಲ್ಲಿ ಫೋಟೋ ತೋರಿಸಿದರು. ಬಾಗಿಲ ಮೇಲಿಂದ ಸೂರಿನವರೆಗೆ ಒಂದು ಗೀರು, ಅದರ ಪಕ್ಕ ನಿಂತು ನಗುತ್ತಿರುವ ಇಬ್ಬರು ಮಕ್ಕಳು.

ಅಪ್ಪನಿಗೆ ಫೋನಿನಲ್ಲಿ ಈ 30 ಗಂಟೆಯ ವಿಷಯ ಹೇಳಿದೆ. ನಮ್ಮ ತೋಟಕ್ಕೂ ಈಗ ಕುಯ್ಲಿಗೆ ಅಸ್ಸಾಮಿನಿಂದ ಜನ ಬರುತ್ತಾರೆ. ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುತ್ತಾರೆ, ಕಿಲೋ ಲೆಕ್ಕದ ಕೂಲಿ. ಡಿಸೆಂಬರ್, ಜನವರಿಯಲ್ಲಿ ಅಕಾಲದ ಮಳೆ ಬಂದರೆ ನಮಗೆ ಹಣ್ಣು ಒಡೆದು ಉದುರುವ ಚಿಂತೆ, ಕಣದಲ್ಲಿ ಹರಡಿದ್ದು ನೆನೆಯುವ ಚಿಂತೆ. ಅವರು ಲೈನಿನಲ್ಲಿ ಕೂತಿರುತ್ತಾರೆ. ಆ ದಿನ ಅವರಿಗೆ ಏನು ಕೊಡುತ್ತೀವಿ ಅಂತ ಕೇಳಿದೆ.

"ಅಕ್ಕಿ ಕೊಡ್ತೀವಲ್ಲ."

"ಕೂಲಿ?"

"ಮಳೆಯಲ್ಲಿ ನಮ್ಮದೂ ಹೋಗಿರುತ್ತೆ ಮಗಾ. ಅವರದ್ದೂ ನಾವೇ ತುಂಬಬೇಕಾ?"

"ಒಳ್ಳೇ ರೇಟ್ ಬಂದ ವರ್ಷ?"

"ನೀನು ಹಣ್ಣು ಕೊಯ್ಯೋಕೆ ಹೋದ್ಯೋ, ಯೂನಿಯನ್ ಕಟ್ಟೋಕೆ ಹೋದ್ಯೋ?" ಅಂತ ನಕ್ಕು ಫೋನ್ ಅಮ್ಮನಿಗೆ ಕೊಟ್ಟರು. ಅವರ ಮಾತನ್ನು ತಳ್ಳಿ ಹಾಕುವುದೂ ಸುಲಭವಲ್ಲ. ಸಣ್ಣ ಬೆಳೆಗಾರನಿಗೆ ಮಳೆಯ ದಿನ ಯಾರೂ ಕೂಲಿ ಕೊಡುವುದಿಲ್ಲ. ಆದರೆ ಹೊರಗೆ ಮಳೆ ಸುರಿಯುವಾಗ ವ್ಯಾನಿನೊಳಗೆ ಕೂತು ಬಾಡಿಗೆ ಲೆಕ್ಕ ಹಾಕಿದ ಮೇಲೆ, ಅಕ್ಕಿ ಕೊಡ್ತೀವಲ್ಲ ಅನ್ನುವುದು ನನಗೆ ಸಾಕೆನಿಸುವುದಿಲ್ಲ. ನಾವಿಬ್ಬರೂ ಇದರ ಬಗ್ಗೆ ಇನ್ನೂ ಜಗಳ ಆಡುತ್ತಿದ್ದೇವೆ. ಚೀಲಕ್ಕೆ ಕಳೆಯುವ ಅರ್ಧ ಕಿಲೋ ಮಾತ್ರ ಅಪ್ಪ ಬಿಟ್ಟಿದ್ದಾರೆ. ಖಾಲಿ ಚೀಲ ತೂಗಿಸಿ ತೋರಿಸಿದ್ದು ಅಮ್ಮ.

ಇದನ್ನು ಓದಿ ಹೊರಡಬೇಕೆಂದುಕೊಳ್ಳುವವರಿಗೆ ಒಂದು ಮಾತು. ಊರಲ್ಲಿ ಏಜೆಂಟರು "ಫ್ರೂಟ್ ಪಿಕ್ಕಿಂಗ್ ವೀಸಾ" ಅಂತ ಲಕ್ಷಗಟ್ಟಲೆ ಕೇಳುತ್ತಾರೆ. ಕೊಡಬೇಡಿ. ಕೆಲಸ ಕೊಟ್ಟಿದ್ದಕ್ಕೆ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವುದು ನ್ಯೂಜಿಲೆಂಡಿನಲ್ಲಿ ಕಾನೂನಿಗೆ ವಿರುದ್ಧ. ನಾನು ಹೋದದ್ದು ಓದು ಮುಗಿದ ಮೇಲೆ ಸಿಕ್ಕ ವೀಸಾದಲ್ಲಿ. ಆಸ್ಟ್ರೇಲಿಯಾದವರು 2024ರಿಂದ ನಮ್ಮವರಿಗೂ ವರ್ಕ್ ಅಂಡ್ ಹಾಲಿಡೇ ವೀಸಾ ಕೊಡುತ್ತಿದ್ದಾರೆ, ವರ್ಷಕ್ಕೆ 1,000, ಲಾಟರಿಯಲ್ಲಿ, ವಯಸ್ಸು 18ರಿಂದ 30ರವರೆಗೆ. ಅರ್ಜಿ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಬಹುದು. ಎಲ್ಲೇ ಹೋಗಿ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ನೀವೇ ಬರೆದಿಟ್ಟುಕೊಳ್ಳಿ. ಕಾದ ಹೊತ್ತನ್ನೂ ಬೇರೆ ಸಾಲಿನಲ್ಲಿ ಬರೆಯಿರಿ.

ಜೂನ್ ಹೊತ್ತಿಗೆ ಗ್ರೀನ್ ಮುಗಿಯಿತು. ಚಳಿಗಾಲದಲ್ಲಿ ಬಳ್ಳಿ ಕತ್ತರಿಸುವ ಕೆಲಸಕ್ಕೂ ಕರೆದರು, ಹೋಗಲಿಲ್ಲ. ಆಗಸ್ಟ್‌ನಲ್ಲಿ ಹ್ಯಾಮಿಲ್ಟನ್‌ನಲ್ಲೇ ಆಫೀಸ್ ಕೆಲಸ ಸಿಕ್ಕಿತು, ಏ.ಸಿ. ರೂಮು, ಕುರ್ಚಿ ಎಲ್ಲಾ ಇದೆ. ಜಲಂಧರ್ ಹುಡುಗಿ ಈಗ ಇನ್ನೊಬ್ಬ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್. ಮೊನ್ನೆ ಫೋನ್ ಮಾಡಿದ್ದಳು, ಸೀಸನ್ ಬರ್ತಾ ಇದೆ, ಶನಿವಾರ ಭಾನುವಾರ ಬರ್ತೀಯಾ ಅಂತ. ಗಂಟೆ ಲೆಕ್ಕವೋ ಬಿನ್ ಲೆಕ್ಕವೋ ಅಂತ ಕೇಳಿದೆ. "ಬಿನ್" ಅಂದಳು. "ಹಾಗಾದ್ರೆ ಕಾದಿದ್ದಕ್ಕೆ?" ಅಂದೆ. ಕೇಳಿ ಹೇಳ್ತೀನಿ ಅಂದಿದ್ದಾಳೆ.